ಸುರಂಗ ಬಾವಿಯ ಕಿಂಡಿಗೆ ಮಣ್ಣು ಸುರಿಯುವುದು ನಿಲ್ಲಬೇಕು: ಭಾನುವಾರ ಎಲ್ಲರೂ ಬನ್ನಿ

ಸಂಘದ ಕಾರ್ಯದರ್ಶಿ
ಎಲ್ಲರಿಗೂ ಶರಣು ಶರಣಾರ್ಥಿ. ಬೀದರ್‌ನ ನಮ್ಮ ಬಡಾವಣೆ ಹಿಂದೆ ನೌಬಾದ್ ಕಡೆಗೆ ಹೊಸ ಲೇಔಟ್ ಆಗುತ್ತಿರುವುದು ನಿಮಗೆ ಗೊತ್ತೇ ಇದೆ. ಬೆಳಿಗ್ಗೆ ವಾಕಿಂಗ್ ಹೋದವರು ಫೋಟೊ ಕಳಿಸಿದ್ದಾರೆ, ನೋಡಿ. ಹೊಲದ ಅಂಚಿನಲ್ಲಿರುವ ಸುರಂಗ ಬಾವಿಯ ಕಿಂಡಿಗೆ ಟ್ರ್ಯಾಕ್ಟರ್ ತಂದು ಮುರುಮ ಸುರಿಯುತ್ತಿದ್ದಾರೆ. ಬರೀ ಮುರುಮ ಅಲ್ಲ. ಒಡೆದ ಟೈಲ್ಸ್, ಪಿಒಪಿ ಚೂರು, ನೆನೆದು ಕಲ್ಲಾದ ಸಿಮೆಂಟ್ ಚೀಲ, ಎಲ್ಲಾ ಒಳಗೆ ಹೋಗಿದೆ. ಬಾಯಿ ಹತ್ತಿರ ಕೆಂಪು ಕಲ್ಲಿನ ಒಂದು ಬದಿ ಕುಸಿದಿದೆ. ಇನ್ನೂ ಪೂರ್ತಿ ಮುಚ್ಚಿಲ್ಲ. ಅದಕ್ಕೇ ಇಷ್ಟು ಅವಸರ ಮಾಡುತ್ತಿದ್ದೇನೆ.

ಎರಡನೇ ಅಡ್ಡರಸ್ತೆ, ಮೂಲೆ ಮನೆ
ಅಣ್ಣಾರೆ, ಅದು ಹಾಳು ಬಾವಿ, ಮಕ್ಕಳು ದನಕರು ಬೀಳ್ತವೆ, ಮುಚ್ಚಿದರೆ ಒಳ್ಳೆಯದು ಅಂತ ಲೇಔಟ್‌ನವರು ಹೇಳಿದರು. ನಮ್ಮ ಮಕ್ಕಳೂ ಆ ಕಡೆ ಕ್ರಿಕೆಟ್ ಆಡಲು ಹೋಗುತ್ತಾರೆ. ಅವರ ಮಾತಿನಲ್ಲೂ ಅರ್ಥ ಇದೆ ಅಲ್ವಾ?

ನಿವೃತ್ತ ಮೇಷ್ಟ್ರು, ಗುಡಿ ರಸ್ತೆ
ತಮ್ಮಾ, ಮಕ್ಕಳ ಬಗ್ಗೆ ನಿನ್ನ ಚಿಂತೆ ಸರಿಯೇ. ಆದರೆ ಅದು ಬಾವಿ ಅಲ್ಲ. ಸ್ವಲ್ಪ ಉದ್ದ ಬರೆಯುತ್ತೇನೆ, ಎಲ್ಲರೂ ಓದಿ.

ಬಹಮನಿ ಸುಲ್ತಾನರು 15ನೇ ಶತಮಾನದಲ್ಲಿ ರಾಜಧಾನಿಯನ್ನು ಕಲಬುರಗಿಯಿಂದ ಬೀದರ್‌ಗೆ ತಂದರು. ಊರು ಇರುವುದು ಎತ್ತರದ ಕೆಂಪು ಕಲ್ಲಿನ ಹಾಸಿನ ಮೇಲೆ. ಈ ಕಲ್ಲು ಮಳೆ ನೀರನ್ನು ಕುಡಿಯುತ್ತದೆ. ಅದರ ಕೆಳಗಿರುವ ಕರಿಕಲ್ಲು ಅಷ್ಟು ಸುಲಭವಾಗಿ ನೀರನ್ನು ಕೆಳಗೆ ಇಳಿಯಲು ಬಿಡುವುದಿಲ್ಲ. ಹೀಗಾಗಿ ಎರಡರ ನಡುವೆ ನೀರು ನಿಲ್ಲುತ್ತದೆ. ಎತ್ತರದ ಜಾಗದಲ್ಲಿ ಆ ನೀರಿಗೆ ತಾಯಿ ಬಾವಿ ತೋಡಿ, ಅಲ್ಲಿಂದ ನೆಲದೊಳಗೇ ಸಣ್ಣ ಇಳಿಜಾರಿನ ಸುರಂಗ ಕೊರೆದರು. ಮೋಟಾರ್ ಇಲ್ಲ, ಏತ ಇಲ್ಲ, ನೀರು ತಾನಾಗೇ ಹರಿದು ಬರಬೇಕು. ಇರಾನ್ ಕಡೆಯಿಂದ ಬಂದ ವಿದ್ಯೆ ಇದು. ಅಲ್ಲಿನ ಇಂಥ ಸುರಂಗಗಳು 2016ರಲ್ಲಿ ಯುನೆಸ್ಕೊ ಪಟ್ಟಿ ಸೇರಿವೆ. ನಮ್ಮ ನೌಬಾದಿನದು ಸುಮಾರು 3 ಕಿಲೋಮೀಟರ್ ಉದ್ದ. ಊರಲ್ಲಿ ಶುಕ್ಲತೀರ್ಥದ ಹತ್ತಿರ ಇನ್ನೊಂದಿದೆ, ಜಮುನಾ ಮೋರಿ ಮತ್ತೊಂದು.

ಈಗ ಕಿಂಡಿ ವಿಷಯ. ಸುರಂಗ ಕೊರೆಯುವಾಗ ಮಣ್ಣು ಮೇಲೆ ಎತ್ತಿದ್ದು ಈ ಕಿಂಡಿಗಳಿಂದ. ಒಳಗೆ ಗಾಳಿ ಬೆಳಕು ಹೋಗುವುದು, ಹೂಳು ತೆಗೆಯಲು ಜನ ಇಳಿಯುವುದು ಎಲ್ಲಾ ಇವುಗಳಿಂದಲೇ. 2015ರ ಸುಮಾರಿಗೆ ಹೂಳು ತೆಗೆಸಿದಾಗ ನಾನು ಹೋಗಿ ನೋಡಿದ್ದೆ. ಹೊರಗೆ ಸುಡು ಬಿಸಿಲು. ಕಿಂಡಿಗೆ ಬಗ್ಗಿದರೆ ಮುಖಕ್ಕೆ ತಣ್ಣನೆ ಗಾಳಿ. ಗೋಡೆಯಲ್ಲಿ ಗುದ್ದಲಿ ಗುರುತು ಇನ್ನೂ ಹಾಗೇ ಇತ್ತು. ಒಂದು ಕಿಂಡಿಗೆ ಮಣ್ಣು ತುಂಬಿದರೆ ಆ ಮಣ್ಣು ಅಲ್ಲೇ ನಿಲ್ಲುವುದಿಲ್ಲ. ಕೆಳಗೆ ಸುರಂಗಕ್ಕೇ ಅಡ್ಡ ಬೀಳುತ್ತದೆ. ಮೇಲಿನ ನೀರು ಮುಂದೆ ಹೋಗಲ್ಲ. ಮಕ್ಕಳು ಬೀಳಬಾರದು ಅಂದರೆ ಸುತ್ತ ಕಟ್ಟೆ ಕಟ್ಟಿ ಮೇಲೆ ಕಬ್ಬಿಣದ ಜಾಲರಿ ಹಾಕಲಿ. ಮುಚ್ಚುವುದು ಬೇಡ.

ಎರಡನೇ ಅಡ್ಡರಸ್ತೆ, ಮೂಲೆ ಮನೆ
ಸರ್, ಇಷ್ಟು ಯಾರೂ ಹೇಳಿರಲಿಲ್ಲ. ಜಾಲರಿಗೆ ನನ್ನ ಒಪ್ಪಿಗೆ ಇದೆ. ವೆಲ್ಡಿಂಗ್ ಅಂಗಡಿಯಲ್ಲಿ ಕೇಳಿ ರೇಟ್ ಹೇಳುತ್ತೇನೆ.

ಸೈಟ್ ಮಾಲೀಕರು (ಹೈದರಾಬಾದ್‌ನಲ್ಲಿ ವಾಸ)
ನಮಸ್ಕಾರ. ನಾನು ನಿಮ್ಮ ಬಡಾವಣೆಯಲ್ಲೂ ಒಂದು ಸೈಟ್ ತೆಗೆದುಕೊಂಡಿದ್ದೇನೆ, ಆ ಹೊಸ ಲೇಔಟ್‌ನಲ್ಲೂ 30x40 ಒಂದಕ್ಕೆ ಮುಂಗಡ ಕೊಟ್ಟಿದ್ದೇನೆ. ನಿವೃತ್ತಿ ಆದಮೇಲೆ ಇಲ್ಲೇ ಬಂದು ಇರಬೇಕು ಅಂತ ಆಸೆ. ಈ ಹಸಿರು, ಈ ಗಾಳಿ ನೋಡಿಯೇ ದುಡ್ಡು ಹಾಕಿದ್ದು. ನೀವು ದೂರು ಕೊಟ್ಟು ಇಡೀ ಲೇಔಟ್ ನಿಂತರೆ ನಮ್ಮಂಥವರ ಗತಿ ಏನು? ಕೋಪದಿಂದ ಅಲ್ಲ, ನಿಜವಾಗಿ ಭಯ ಆಗಿದೆ.

ಸರ್ವೇ ಕೆಲಸದಿಂದ ನಿವೃತ್ತರು, ನಾಲ್ಕನೇ ಅಡ್ಡರಸ್ತೆ
ಭಯ ಬೇಡ, ಆದರೆ ಬಾಕಿ ಹಣ ಕೊಡುವ ಮೊದಲು ಕಾಗದ ನೋಡಿ. ಬರೀ ಬ್ರೋಶರ್ ನೋಡಬೇಡಿ. ಮೊದಲು ಪಹಣಿ. ಅದರಲ್ಲಿ ಒಟ್ಟು ವಿಸ್ತೀರ್ಣದ ಕೆಳಗೆ ಖರಾಬು, ಅಂದರೆ ಸಾಗುವಳಿಗೆ ಬಾರದ ಜಾಗ, ‘ಅ’ ಖರಾಬು, ‘ಬ’ ಖರಾಬು ಅಂತ ಬೇರೆ ಬೇರೆ ಇರುತ್ತದೆ. ‘ಬ’ ಖರಾಬು ಅಂದರೆ ಹಳ್ಳ, ದಾರಿ, ಸಾರ್ವಜನಿಕ ಬಳಕೆಯ ಜಾಗ. ಅದನ್ನು ಸೈಟ್ ಮಾಡಿ ಮಾರುವಂತಿಲ್ಲ. ಆಮೇಲೆ ಟಿಪ್ಪಣಿ (ಸರ್ವೇಯವರ ಹಳೇ ಅಳತೆಯ ದಾಖಲೆ), ಗ್ರಾಮ ನಕಾಶೆ. ಹಳೇ ನಕಾಶೆಯಲ್ಲಿ ಬಾವಿ, ಹಳ್ಳದ ಗುರುತು ಇದ್ದರೆ ನಮ್ಮ ವಾದಕ್ಕೆ ದೊಡ್ಡ ಬಲ. ಭೂಪರಿವರ್ತನೆ ಆದೇಶದಲ್ಲಿ ಷರತ್ತುಗಳಿರುತ್ತವೆ, ಅವನ್ನು ಯಾರೂ ಓದುವುದೇ ಇಲ್ಲ. ಒಂದೊಂದು ಸಾಲನ್ನೂ ಓದಿ. ಮಂಜೂರಾದ ನಕ್ಷೆಯಲ್ಲಿ ಉದ್ಯಾನಕ್ಕೆ ಬಿಟ್ಟ ಜಾಗ ಎಲ್ಲಿದೆ ನೋಡಿ. ಆ ಉದ್ಯಾನವನ್ನು ಕಿಂಡಿ ಇರುವ ಕಡೆಗೇ ತರಲು ಸಾಧ್ಯವಾದರೆ ಲೇಔಟ್ ಕೂಡ ಉಳಿಯುತ್ತದೆ, ಸುರಂಗವೂ ಉಳಿಯುತ್ತದೆ. ನಾವು ಕೇಳಬೇಕಾದದ್ದು ಇದನ್ನೇ ಅಂತ ನನ್ನ ಅಭಿಪ್ರಾಯ.

ಮೊಬೈಲ್‌ನಲ್ಲಿ ದಿಶಾಂಕ್ ಆ್ಯಪ್ ಹಾಕಿಕೊಂಡು ಕಿಂಡಿಯ ಪಕ್ಕ ನಿಂತರೆ ಸರ್ವೆ ನಂಬರ್ ತೋರಿಸುತ್ತದೆ. ಅದು ಅಂದಾಜಿಗೆ ಮಾತ್ರ. ಗಡಿ ಖಚಿತ ಆಗಲು ಸರ್ವೇಯರ್ ಬಂದು ಅಳೆಯಲೇಬೇಕು.

ನೀರಿನ ಟ್ಯಾಂಕ್ ಹತ್ತಿರದ ಮನೆ
ಕಾಕಾರು ಹೇಳಿದ್ದು ಸರಿ. ನಾನೊಂದು ಮಾತು ಸೇರಿಸುತ್ತೇನೆ, ಯಾರೂ ಬೇಜಾರಾಗಬೇಡಿ. ಹೊಸ ಲೇಔಟ್‌ನವರಿಗೆ ಹೇಳುವಾಗ ನಮ್ಮ ಓಣಿಯನ್ನೂ ನೋಡಿಕೊಳ್ಳಬೇಕು. ಸುರಂಗದ ಸಾಲು ನಮ್ಮ ಕಾಂಪೌಂಡ್‌ಗೆ ಬಂದು ನಿಂತುಬಿಡುತ್ತಾ? ಇಲ್ಲ ತಾನೆ. ಆ ಸುರಂಗದ ಪಕ್ಕದಲ್ಲೇ ಬೋರ್ ಹೊಡೆದರೆ ಸುರಂಗಕ್ಕೆ ಬರಬೇಕಾದ ನೀರನ್ನೇ ಎಳೆಯುತ್ತೇವೆ. ಶೌಚದ ಗುಂಡಿ ಹತ್ತಿರ ಇದ್ದರೆ ಕೆಂಪು ಕಲ್ಲಿನಲ್ಲಿ ಕೊಳಕೂ ಅಷ್ಟೇ ಸಲೀಸಾಗಿ ಇಳಿಯುತ್ತದೆ. ಆ ಸಾಲಿನ ಮನೆಗಳವರು ಸೇರಿ ಯಾರ ಗುಂಡಿ ಎಲ್ಲಿದೆ ಅಂತ ಒಂದು ಕೈನಕ್ಷೆ ಮಾಡೋಣ. ತಾರಸಿ ನೀರನ್ನು ಮೋರಿಗೆ ಬಿಡುವ ಬದಲು ಇಂಗಿಸೋಣ. ಬೇಸಿಗೆಯಲ್ಲಿ ಟ್ಯಾಂಕರ್‌ಗೆ ಕಾಯುವುದು ನಾವು ಹೆಂಗಸರೇ ತಾನೆ? ಆ ಸಂಕಟ ನಮಗೆ ಗೊತ್ತು.

ಸಂಘದ ಕಾರ್ಯದರ್ಶಿ
ಅಕ್ಕಾರೆ, ಈ ಮಾತು ಅರ್ಜಿಯಲ್ಲೇ ಬರೆಯುತ್ತೇನೆ. ನಾವು ಏನು ಮಾಡುತ್ತೇವೆ ಅಂತ ಮೊದಲು ಬರೆದು, ಆಮೇಲೆ ಏನು ಬೇಕು ಅಂತ ಕೇಳಿದರೆ ಅಧಿಕಾರಿಗಳೂ ಕಿವಿ ಕೊಡುತ್ತಾರೆ.

ಭಾನುವಾರ ಬೆಳಿಗ್ಗೆ 7ಕ್ಕೆ ಕಿಂಡಿ ಹತ್ತಿರ ಸೇರೋಣ. ಯಾರೂ ಟ್ರ್ಯಾಕ್ಟರ್‌ಗೆ ಅಡ್ಡ ನಿಲ್ಲುವುದು, ಚಾಲಕರ ಜೊತೆ ಜಗಳ ಮಾಡುವುದು ಬೇಡ. ಅವರು ದಿನಗೂಲಿ ಜನ, ಹೇಳಿದ ಕಡೆ ಸುರಿಯುತ್ತಾರೆ ಅಷ್ಟೇ. ಫೋಟೊ ತೆಗೆಯುವಾಗ ಮೊಬೈಲ್‌ನಲ್ಲಿ ಲೊಕೇಶನ್ ಆನ್ ಇರಲಿ. ಸೋಮವಾರ ಜಿಲ್ಲಾಧಿಕಾರಿ ಕಚೇರಿಗೆ ಅರ್ಜಿ ಕೊಟ್ಟು, ಒಂದೊಂದು ಪ್ರತಿ ನಗರಾಡಳಿತಕ್ಕೂ ಪುರಾತತ್ವ ಇಲಾಖೆಗೂ ಕೊಡುವುದು. ಸ್ವೀಕೃತಿ ಸೀಲ್ ಹಾಕಿಸಿಕೊಳ್ಳದೆ ಬರಬಾರದು. ಅದರ ಜೊತೆಗೇ 10 ರೂಪಾಯಿ ಶುಲ್ಕ ಕಟ್ಟಿ, ಮಾಹಿತಿ ಹಕ್ಕಿನಲ್ಲಿ ಭೂಪರಿವರ್ತನೆ ಆದೇಶ ಮತ್ತು ಮಂಜೂರಾದ ನಕ್ಷೆಯ ಪ್ರತಿ ಕೇಳೋಣ. 30 ದಿನದೊಳಗೆ ಉತ್ತರ ಕೊಡಬೇಕು. ಅಷ್ಟರಲ್ಲಿ ಕಿಂಡಿ ಮುಚ್ಚಿ ಹೋಗಬಾರದು, ಆದ್ದರಿಂದ ಮಣ್ಣು ಸುರಿಯುವುದನ್ನು ಈಗಲೇ ನಿಲ್ಲಿಸಿ, ಜಂಟಿ ಸರ್ವೇ ಮಾಡಿ ಅನ್ನುವುದು ಅರ್ಜಿಯ ಮೊದಲ ಸಾಲು.

ನಿವೃತ್ತ ಮೇಷ್ಟ್ರು, ಗುಡಿ ರಸ್ತೆ
ಹೂಳು ತೆಗೆಸಿದಾಗಿನ ಹಳೇ ಫೋಟೊ ನನ್ನ ಹತ್ತಿರ ಇವೆ. ಕಿಂಡಿ ಆಗ ತೆರೆದಿತ್ತು ಅನ್ನುವುದಕ್ಕೆ ಅದೇ ಸಾಕ್ಷಿ. ದೊಡ್ಡದಾಗಿ ಪ್ರಿಂಟ್ ಹಾಕಿಸಿ ತರುತ್ತೇನೆ.

ಸೈಟ್ ಮಾಲೀಕರು (ಹೈದರಾಬಾದ್‌ನಲ್ಲಿ ವಾಸ)
ಲೇಔಟ್‌ನವರು ನನಗೆ ಕೊಟ್ಟ ನಕ್ಷೆಯ ಪ್ರತಿ ಇಲ್ಲೇ ಹಾಕಿದ್ದೇನೆ. ಅದರಲ್ಲಿ ಕಿಂಡಿಯ ಗುರುತೇ ಇಲ್ಲ, ಆ ಜಾಗದಲ್ಲಿ ಎರಡು ಸೈಟ್ ತೋರಿಸಿದ್ದಾರೆ. ಒಂದು ನಾನು ಮುಂಗಡ ಕೊಟ್ಟಿದ್ದೇ. ಉದ್ಯಾನ ಆ ಕಡೆ ಬರಲಿ, ನನಗೆ ಬೇರೆ ಸೈಟ್ ಕೊಡಲಿ ಅಂತ ನಾನೂ ಬರೆದುಕೊಡುತ್ತೇನೆ. ಅರ್ಜಿಯಲ್ಲಿ ನನ್ನ ಹೆಸರೂ ಸೇರಿಸಿ. ಶನಿವಾರ ರಾತ್ರಿಯೇ ಬೀದರ್‌ಗೆ ಬರುತ್ತೇನೆ.