ನಾಗರಕಟ್ಟೆಯೂ 59 ಮಹಡಿಯೂ

ನಾಗೇಶ ಮನೆ ಕಟ್ಟಿಸುತ್ತಿದ್ದಾನೆ. ಅಂದರೆ ಎರಡು ತಿಂಗಳಿಂದ ನಾವು ಮೂವರೂ ಕಟ್ಟಿಸುತ್ತಿದ್ದೇವೆ. ಸಂಜೆ ಹೋಟೆಲಿನಲ್ಲಿ ಕಾಫಿ ಹಿಡಿದು ನಿಂತರೆ ಅದೇ ಮಾತು.

"ಸೈಟಿನ ಮೂಲೇಲಿ ನಾಗರಕಟ್ಟೆ ಇದೆ ಕಣೋ. ಮುಟ್ಟಬೇಡಿ ಅಂತಾರೆ ನಮ್ಮತ್ತೆ. ಅಲ್ಲೇ ಪಿಲ್ಲರ್ ಬರಬೇಕು ಅಂತಾನೆ ಇಂಜಿನಿಯರ್. ನನ್ನ ತಲೆ ಮೇಲೆ ನಿಲ್ಲಿಸ್ಕೊಳ್ಳಲಾ?"

"ಪಿಲ್ಲರನ್ನ ಗೋಡೆಯ ಮಧ್ಯಕ್ಕೆ ಸರಿಸು," ಅಂದೆ. "ನ್ಯೂಯಾರ್ಕಿನಲ್ಲಿ ಸಿಟಿಕಾರ್ಪ್ ಬ್ಯಾಂಕಿನವರು 59 ಮಹಡಿಗೇ ಹಾಗೆ ಮಾಡಿದ್ದಾರೆ."

"ಅಲ್ಲೂ ನಾಗರಕಟ್ಟೆ ಇತ್ತಾ?" ಸುರೇಶ ಕೇಳಿದ.

"ಚರ್ಚ್ ಇತ್ತು. ಸೇಂಟ್ ಪೀಟರ್ಸ್ ಅಂತ. ಜಾಗ ಕೊಡ್ತೀವಿ, ಆದರೆ ಇದೇ ಮೂಲೇಲಿ ನಮಗೆ ಹೊಸ ಚರ್ಚ್ ಕಟ್ಟಿಕೊಡಿ, ನಿಮ್ಮ ಕಂಬ ಅದರೊಳಗೆ ಬರಕೂಡದು ಅಂದರು."

"ನಮ್ಮತ್ತೆ ಅಲ್ಲೂ ಇದ್ದರು ಅನ್ನು."

ಹೋಟೆಲಿನ ಟ್ರೇ ಎಳೆದುಕೊಂಡೆ. ನಾಲ್ಕು ಲೋಟಗಳನ್ನು ಅದರ ಒಂದೊಂದು ಬದಿಯ ನಟ್ಟನಡುವೆ ಒಂದೊಂದು ಬರುವ ಹಾಗೆ ಇಟ್ಟು, ಮೇಲೆ ಟ್ರೇ ಕೂರಿಸಿದೆ. ನಾಲ್ಕು ಮೂಲೆಯೂ ಗಾಳಿಯಲ್ಲಿ. "ನೋಡು, ಹೀಗೆ. ಕಂಬಗಳೇ ನೂರು ಅಡಿಗಿಂತ ಜಾಸ್ತಿ ಎತ್ತರ. ಮೂಲೆ ಕೆಳಗೆ ಚರ್ಚ್ ಆರಾಮಾಗಿ ಕೂತಿದೆ. ಒಟ್ಟು 915 ಅಡಿ. 1977ರಲ್ಲಿ ಮುಗೀತು. ತುದಿಯನ್ನ ಇಳಿಜಾರಾಗಿ ಕತ್ತರಿಸಿದ್ದಾರೆ, ಅದರ ಮೇಲೆ ಸೋಲಾರ್ ಕೂರಿಸ್ತೀವಿ ಅಂತಿದ್ದರು. ಕೂರಿಸಲೇ ಇಲ್ಲ."

"ಅದೊಂದು ನಮ್ಮ ಬೀದಿ ಥರಾನೇ," ಅಂದ ಸುರೇಶ.

"ಕಟ್ಟಡ ಹಗುರ, ಗಾಳಿಗೆ ತೂಗೋ ಥರದ್ದು. ಅದಕ್ಕೆ ತುದೀಲಿ 400 ಟನ್ನಿನ ಕಾಂಕ್ರೀಟ್ ದಿಮ್ಮಿ ಇಟ್ಟರು. ಎಣ್ಣೆ ಮೇಲೆ ಜಾರುತ್ತೆ. ಕಟ್ಟಡ ಈ ಕಡೆ ವಾಲಿದರೆ ಅದು ಆ ಕಡೆಗೆ ಎಳೆಯುತ್ತೆ."

"ಜಾರೋಕೆ ಏನು ಬೇಕು?"

"ಕರೆಂಟು."

ಇಬ್ಬರೂ ನನ್ನನ್ನೇ ನೋಡಿದರು. ಜೋರು ಗಾಳಿ ಬೀಸಿದರೆ ಮೊದಲು ಹೋಗುವುದು ಯಾವುದು ಅಂತ ನಮ್ಮೂರಿನವರಿಗೆ ಹೇಳಿಕೊಡಬೇಕಾ?

"ತಾಳಿ, ತಮಾಷೆ ಇನ್ನೂ ಇದೆ. ಇಂಜಿನಿಯರ್ ಹೆಸರು ವಿಲಿಯಂ ಲೆಮೆಷರ್."

"ಹೆಸರಲ್ಲೇ ಮೆಷರ್ ಇದೆಯಲ್ಲೋ!"

"ಹೂಂ. ಉಕ್ಕಿನ ಜಾಯಿಂಟುಗಳಿಗೆ ಅವರು ಹೇಳಿದ್ದು ವೆಲ್ಡಿಂಗ್. ಖರ್ಚು ಉಳಿಯುತ್ತೆ ಅಂತ ಕಟ್ಟುವವರು ಬೋಲ್ಟ್ ಹಾಕಿದರು. 1978ರಲ್ಲಿ ವಿದ್ಯಾರ್ಥಿಗಳ ಕಡೆಯಿಂದ ಏನೋ ಪ್ರಶ್ನೆ ಬಂತು, ಅವರು ಮತ್ತೆ ಲೆಕ್ಕಕ್ಕೆ ಕೂತರು. ಗಾಳಿ ನೇರ ಬಂದರೆ ಸರಿ. ಓರೆಯಾಗಿ ಮೂಲೆಗೆ ಹೊಡೆದರೆ?" ಟ್ರೇಯ ಮೂಲೆಯನ್ನು ಬೆರಳಿನಿಂದ ಒತ್ತಿದೆ.

ಟ್ರೇ ಮಗುಚಿತು. ಚಟ್ನಿ ನಾಗೇಶನ ಅಂಗಿ ಮೇಲೆ.

"ಓರೆ ಗಾಳಿಗೆ ಕೆಲವು ಕಡೆ ಒತ್ತಡ 40 ಪರ್ಸೆಂಟ್ ಜಾಸ್ತಿ, ಬೋಲ್ಟಿನ ಜಾಯಿಂಟಿಗೆ 160 ಪರ್ಸೆಂಟ್ ಅಂತ ಬಂತು. ಕರೆಂಟೂ ಹೋದರೆ, ಕಟ್ಟಡ ಬೀಳೋಕೆ 16 ವರ್ಷಕ್ಕೊಮ್ಮೆ ಬರೋ ಬಿರುಗಾಳಿಯೇ ಸಾಕು ಅಂತ."

"ಓಡಿಹೋದನಾ?"

"ತಾನೇ ಹೋಗಿ ಬ್ಯಾಂಕಿನವರಿಗೆ ಹೇಳಿದರು. ಹಗಲು ಆಫೀಸು. ಗುಮಾಸ್ತರು ಮನೆಗೆ ಹೋದಮೇಲೆ ಬಡಗಿಗಳು, ವೆಲ್ಡರ್‌ಗಳು. ಜಾಯಿಂಟುಗಳ ಮೇಲೆ ಎರಡಿಂಚು ದಪ್ಪದ ಉಕ್ಕಿನ ಪಟ್ಟಿ ಬೆಸೆಯೋದು, ಬೆಳಗಾಗೋಷ್ಟರಲ್ಲಿ ಗುಡಿಸೋದು. ಒಳಗೆ ಕೂತವರಿಗೆ ಸುದ್ದಿಯೇ ಇಲ್ಲ. ನಡುವೆ ಎಲಾ ಅಂತ ಚಂಡಮಾರುತ ಹೊರಟು, ಪುಣ್ಯಕ್ಕೆ ಸಮುದ್ರದ ಕಡೆ ತಿರುಗಿತು."

"ಪೇಪರಿನವರು?"

"ಅದೇ ಹೊತ್ತಿಗೆ ನ್ಯೂಯಾರ್ಕಿನ ಪೇಪರುಗಳಲ್ಲಿ ಮುಷ್ಕರ. ಊರಿಗೆಲ್ಲ ಗೊತ್ತಾಗಿದ್ದು 1995ರಲ್ಲಿ. ಈಚೆಗೆ ಮತ್ತೆ ಲೆಕ್ಕ ಹಾಕಿದವರು ಓರೆ ಗಾಳಿ ಅಷ್ಟು ಕೆಟ್ಟದ್ದಲ್ಲ ಅಂದಿದ್ದಾರೆ."

"ಹಾಗಾದರೆ ಸುಮ್ನೆ ಬೆಸೆದರಾ?"

"ಸುಮ್ನೆ ಅಂತ ಆಗ ಯಾರಿಗೆ ಗೊತ್ತಿತ್ತು?"

ನಾಗೇಶ ಚಟ್ನಿ ಒರೆಸುವುದನ್ನು ನಿಲ್ಲಿಸಿದ. ಫೋನ್ ತೆಗೆದು ಮೇಸ್ತ್ರಿಗೆ ಹಚ್ಚಿದ. ಕಟ್ಟಡದ ಪಕ್ಕ ಸಿಮೆಂಟ್ ಇಡೋಕೆ ಶೀಟಿನ ಶೆಡ್ ಹಾಕಿಸಿದ್ದಾನೆ. ವೆಲ್ಡಿಂಗಿಗೆ ಅಂತ ದುಡ್ಡೂ ಕೊಟ್ಟಿದ್ದಾನೆ.

"ಮೇಸ್ತ್ರೀ, ಶೆಡ್ಡಿನ ಕಂಬಿಗೆ ವೆಲ್ಡಿಂಗ್ ಮಾಡಿದ್ದೀರೋ, ಬೋಲ್ಟ್ ಹಾಕಿದ್ದೀರೋ?"

ಫೋನಿನ ದನಿ ನಮಗೂ ಕೇಳಿಸಿತು.

"ಎರಡೂ ಇಲ್ಲ ಸಾರ್. ಬೈಂಡಿಂಗ್ ವೈರಲ್ಲಿ ಕಟ್ಟಿದೀವಿ. ಏನೂ ಆಗಲ್ಲ ಸಾರ್."