ನೋವಾಸೆಕ್ 6000: ಸಾಫ್ಟ್‌ವೇರ್ ಬದಲಾದ ಮೇಲೆ ಹಳೆಯ ವಿ1.0 ಕಿಟ್ ಹಾಕಬಹುದಾ?

ಪ್ರಶ್ನೆ: ನಮ್ಮ ಡಿಎನ್‌ಎ ಸೀಕ್ವೆನ್ಸಿಂಗ್ ಯಂತ್ರ ನೋವಾಸೆಕ್ 6000ಗೆ ಕಂಟ್ರೋಲ್ ಸಾಫ್ಟ್‌ವೇರ್ 1.7 ಹಾಕಿದ್ದಾರೆ, ಈಗ ವಿ1.5 ರಾಸಾಯನಿಕ ಕಿಟ್ ಬಳಸುತ್ತಿದ್ದೇವೆ. ಫ್ರೀಜರ್‌ನಲ್ಲಿ ಅವಧಿ ಮುಗಿಯದ ಎರಡು ವಿ1.0 ಎಸ್2 ಗಾತ್ರದ ಕಿಟ್ ಉಳಿದಿವೆ. ಹಾಕಬಹುದಾ ಸರ್? ಲೈಬ್ರರಿಗಳೆಲ್ಲ (ಓದಿಸಲು ಸಿದ್ಧಪಡಿಸಿದ ಡಿಎನ್‌ಎ) ಡ್ಯುಯಲ್ ಇಂಡೆಕ್ಸ್, ಅಂದರೆ ಪ್ರತಿ ಸ್ಯಾಂಪಲ್‌ಗೆ ಐ7, ಐ5 ಎಂಬ ಎರಡು ಗುರುತಿನ ಬಾರ್‌ಕೋಡ್.

ಉತ್ತರ: ಹಾಕಬಹುದು. 1.7 ಎರಡೂ ಆವೃತ್ತಿಯ ಕಿಟ್‌ಗಳನ್ನು ನಡೆಸುತ್ತದೆ. ಆದರೆ ಫ್ಲೋ ಸೆಲ್ (ಡಿಎನ್‌ಎ ಅಂಟುವ ಗಾಜಿನ ತಟ್ಟೆ), ಎಸ್‌ಬಿಎಸ್ ಕಾರ್ಟ್ರಿಡ್ಜ್ (ಓದುವ ರಾಸಾಯನಿಕಗಳು), ಕ್ಲಸ್ಟರ್ ಕಾರ್ಟ್ರಿಡ್ಜ್ (ಡಿಎನ್‌ಎ ಪ್ರತಿಗಳನ್ನು ಮಾಡುವ ರಾಸಾಯನಿಕಗಳು) ಎಲ್ಲವೂ ವಿ1.0 ಆಗಿರಲಿ, ಬೆರೆಸಬೇಡಿ.

ನಿಜವಾಗಿ ಎಡವುವುದು ಸ್ಯಾಂಪಲ್ ಶೀಟ್‌ನಲ್ಲಿ (ಯಾವ ಸ್ಯಾಂಪಲ್‌ಗೆ ಯಾವ ಇಂಡೆಕ್ಸ್ ಎಂದು ಬರೆದ ಪಟ್ಟಿ). ವಿ1.0 ಐ5 ಇಂಡೆಕ್ಸನ್ನು ನೇರವಾಗಿ ಓದುತ್ತದೆ. ವಿ1.5 ಅದನ್ನು ಓದುವುದು ಎಳೆಯನ್ನು ಮರುಸಂಶ್ಲೇಷಿಸಿದ ಮೇಲೆ, ಆದ್ದರಿಂದ ರಿವರ್ಸ್ ಕಾಂಪ್ಲಿಮೆಂಟ್ (ಜೋಡಿ ಅಕ್ಷರಗಳು, ಹಿಮ್ಮುಖ ಕ್ರಮದಲ್ಲಿ) ಬರುತ್ತದೆ. ವಿ1.0ದಲ್ಲಿ ಟಿಎಟಿಎಜಿಸಿಸಿಟಿ ಎಂದು ಬರುವ ಐ5, ವಿ1.5ರಲ್ಲಿ ಎಜಿಜಿಸಿಟಿಎಟಿಎ ಆಗುತ್ತದೆ. ಐ7 ಎರಡರಲ್ಲೂ ಒಂದೇ. ನಿಮ್ಮ ಈಗಿನ ಶೀಟನ್ನು ಹಾಗೆಯೇ ನಕಲು ಮಾಡಿದರೆ ಹೆಚ್ಚುಕಡಿಮೆ ಎಲ್ಲ ರೀಡ್‌ಗಳೂ (ಓದಿದ ತುಣುಕುಗಳು) ಯಾವ ಸ್ಯಾಂಪಲ್‌ಗೂ ಸೇರದೆ ಅನ್‌ಡಿಟರ್ಮಿನ್ಡ್‌ಗೆ ಹೋಗಿಬಿಡುತ್ತವೆ.

ಕಾರ್ಟ್ರಿಡ್ಜ್‌ಗಳನ್ನು ಕೋಣೆಯ ಉಷ್ಣತೆಯ ನೀರಿನಲ್ಲಿ ಪೂರ್ತಿ ಕರಗಿಸಿ. ಎಸ್‌ಬಿಎಸ್‌ಗೆ ಸುಮಾರು 4 ಗಂಟೆ ಬೇಕು. ತಳದಲ್ಲಿ ಗಡ್ಡೆ ಉಳಿದಿಲ್ಲವೆಂದು ನೋಡಿ, 10 ಬಾರಿ ತಲೆಕೆಳಗು ಮಾಡಿ, ತಳವನ್ನು ಮೆಲ್ಲಗೆ ತಟ್ಟಿ ಗುಳ್ಳೆ ಬಿಡಿಸಿ. ಫೈಎಕ್ಸ್ (PhiX, ರನ್ ಪರೀಕ್ಷಿಸಲು ಬಳಸುವ, ಅನುಕ್ರಮ ಗೊತ್ತಿರುವ ಡಿಎನ್‌ಎ) 1% ಸೇರಿಸಿ.

ಒಂದೇ ಅಧ್ಯಯನದ ಕೇಸ್‌ಗಳನ್ನು (ರೋಗವಿರುವವರ ಸ್ಯಾಂಪಲ್) ವಿ1.5ರಲ್ಲಿ, ಕಂಟ್ರೋಲ್‌ಗಳನ್ನು (ಹೋಲಿಕೆಯ ಸ್ಯಾಂಪಲ್) ವಿ1.0ದಲ್ಲಿ ದಯವಿಟ್ಟು ಓಡಿಸಬೇಡಿ. ಕಿಟ್‌ನ ವ್ಯತ್ಯಾಸ ಯಾವುದು, ಜೀವವಿಜ್ಞಾನದ ವ್ಯತ್ಯಾಸ ಯಾವುದು ಎಂದು ಆಮೇಲೆ ಬೇರ್ಪಡಿಸಲಾಗದು.

ಪ್ರಶ್ನೆ: ತಪ್ಪು ಶೀಟ್‌ನಲ್ಲೇ ರನ್ ಮುಗಿದುಹೋದರೆ?

ಉತ್ತರ: ಮತ್ತೆ ಸೀಕ್ವೆನ್ಸ್ ಮಾಡಬೇಕಿಲ್ಲ. ಬಿಸಿಎಲ್ ಫೈಲ್‌ಗಳನ್ನು (ಯಂತ್ರದ ಕಚ್ಚಾ ದತ್ತಾಂಶ) ಅಳಿಸದೆ ಇಟ್ಟುಕೊಳ್ಳಿ. ಡಿಮಲ್ಟಿಪ್ಲೆಕ್ಸ್ (ರೀಡ್‌ಗಳನ್ನು ಸ್ಯಾಂಪಲ್‌ವಾರು ಬೇರ್ಪಡಿಸುವ ಹಂತ) ವರದಿಯ ಗುರುತಿಸದ ಬಾರ್‌ಕೋಡ್‌ಗಳ ಪಟ್ಟಿಯಲ್ಲಿ ಮೇಲಿನವು ನಿಮ್ಮ ಐ5ನ ರಿವರ್ಸ್ ಕಾಂಪ್ಲಿಮೆಂಟ್‌ಗೆ ಹೊಂದಿದರೆ ಕಾರಣ ಇದೇ. ಶೀಟ್‌ನ ಐ5 ಕಾಲಂ ಒಂದನ್ನೇ ತಿದ್ದಿ, ಈ ಹಂತದ ತಂತ್ರಾಂಶ ಬಿಸಿಎಲ್2ಫಾಸ್ಟ್‌ಕ್ಯೂ ಮತ್ತೆ ಓಡಿಸಿ.

ಪ್ರಶ್ನೆ: ನಮ್ಮಲ್ಲಿರುವ ಕಿಟ್‌ನ ಅವಧಿ ಮುಗಿದಿದೆ. ಅದು?

ಉತ್ತರ: ಮತ್ತೆ ಸಿಗದ ಸ್ಯಾಂಪಲ್‌ಗೆ ಬೇಡವೇ ಬೇಡ. ನ್ಯೂಕ್ಲಿಯೊಟೈಡ್‌ಗಳ ತಡೆಗುಂಪು ಕಳಚಿದರೆ ಒಂದು ಸೈಕಲ್‌ನಲ್ಲಿ ಎರಡು ಸೇರಿ ಪ್ರಿಫೇಸಿಂಗ್ (ಕೆಲವು ಎಳೆಗಳು ಮುಂದೆ ಓಡುವುದು) ಏರುತ್ತದೆ; ಕಿಣ್ವ ಸೊರಗಿದರೆ ಫೇಸಿಂಗ್ (ಕೆಲವು ಎಳೆಗಳು ಹಿಂದೆ ಉಳಿಯುವುದು). ಈ ಯಂತ್ರದಲ್ಲಿ ಡಿಎನ್‌ಎಯ ನಾಲ್ಕು ಅಕ್ಷರಗಳಲ್ಲಿ ಜಿಗೆ ಬಣ್ಣವೇ ಇಲ್ಲ, ಹೀಗಾಗಿ ಸಿಗ್ನಲ್ ಸತ್ತ ಜಾಗವೂ ಜಿ ಎಂದೇ ದಾಖಲಾಗುತ್ತದೆ. ತರಬೇತಿಗೆಂದು ಓಡಿಸುವುದಾದರೆ 25ನೇ ಸೈಕಲ್ ದಾಟಿದ ಮೇಲೆ ಫೇಸಿಂಗ್ ಅಂಕಿಗಳನ್ನು ನಿಮ್ಮದೇ ಹಿಂದಿನ ಒಳ್ಳೆಯ ರನ್ ಜೊತೆ ಹೋಲಿಸಿ ನೋಡಿ.