ಇತಿಹಾಸ ಚಲೋ ಕಲಿಸುವ ಶಿಕ್ಷಕರನ್ನು ಗುರುತಿಸುವುದು ಹೇಗೆ?

ಗದಗ ಹಳೇ ವಿದ್ಯಾರ್ಥಿ:
ನಮ್ಮ ಹೈಸ್ಕೂಲಿನ ಹಳೇ ವಿದ್ಯಾರ್ಥಿಗಳ ಸಂಘದಿಂದ ಗದಗ ತಾಲ್ಲೂಕಿನಲ್ಲಿ ಇತಿಹಾಸ ಚಲೋ ಕಲಿಸುವ ಒಬ್ಬ ಶಿಕ್ಷಕರಿಗೆ ವರ್ಷಕ್ಕೊಂದು ಬಹುಮಾನ ಕೊಡಬೇಕೆಂದು ಠರಾವಾಗಿದೆ. ಮೊತ್ತ 25,000 ರೂಪಾಯಿ, ಕೊಡುವುದು ಸೆಪ್ಟೆಂಬರ್ 5ಕ್ಕೆ. ಅರ್ಜಿ ಕರೆದರೆ ಫೋಟೋ, ಪ್ರಮಾಣಪತ್ರ, ಪೇಪರ್ ಕಟಿಂಗ್ ತುಂಬಿದ ಫೈಲುಗಳು ಬರುತ್ತವೆ. ಫೈಲು ಚೆಂದ ಮಾಡಿದವರು ಗೆಲ್ಲುತ್ತಾರೆ. ಎಸ್ಸೆಸ್ಸೆಲ್ಸಿ ಫಲಿತಾಂಶ ನೋಡೋಣವೆಂದರೆ ಅದು ಸಮಾಜ ವಿಜ್ಞಾನದ್ದು. ಭೂಗೋಳ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ ಎಲ್ಲ ಅದರೊಳಗೇ ಬಂತು. ಸಮಿತಿಯಲ್ಲಿ ಐದು ಜನರಿದ್ದೇವೆ. ಏನು ನೋಡಬೇಕು, ಯಾವುದಕ್ಕೆ ಎಷ್ಟು ಅಂಕ ಇಡಬೇಕು?

ಸಪ್ತಾಪುರ:
ಅರ್ಜಿ ಕರೆಯಲೇಬೇಡಿ. ಮುಖ್ಯೋಪಾಧ್ಯಾಯರಿಂದ, ಎಸ್‌ಡಿಎಂಸಿಯಿಂದ (ಶಾಲಾಭಿವೃದ್ಧಿ ಸಮಿತಿ), ಹತ್ತನೇ ಪಾಸಾಗಿ ಹೋದ ಮಕ್ಕಳಿಂದ ಹೆಸರು ತರಿಸಿ, ಆರೇಳು ಜನರನ್ನು ಆರಿಸಿ, ನೀವೇ ಶಾಲೆಗೆ ಹೋಗಿ. 100 ಅಂಕ ಹೀಗೆ ಹಂಚಬಹುದು: ತರಗತಿ ನೋಡಿದ್ದಕ್ಕೆ 35, ಮಕ್ಕಳ ಜೊತೆ ಮಾತಿಗೆ 30, ನೋಟ್‌ಬುಕ್ಕಿಗೆ 20, ಶಿಕ್ಷಕರೇ ತೆಗೆದ ಕಿರುಪರೀಕ್ಷೆಯ ಪ್ರಶ್ನೆಪತ್ರಿಕೆಗೆ 15. ಫಲಿತಾಂಶಕ್ಕೆ ಸೊನ್ನೆ.

ತರಗತಿಗೆ ಎರಡು ಸಲ ಹೋಗಿ. ಮೊದಲ ಸಲ ತಿಳಿಸಿ ಹೋಗಿ, ಎರಡನೇ ಸಲ ವಾರವನ್ನಷ್ಟೇ ಹೇಳಿ, ದಿನ ಹೇಳಬೇಡಿ. ತಿಳಿಸಿ ಹೋದ ದಿನ ಬಹಳ ಕಡೆ ಹಳೆಯ ಪಾಠವನ್ನೇ ಮತ್ತೆ ಆಡಿ ತೋರಿಸುತ್ತಾರೆ. ಪ್ರಶ್ನೆ ಮುಗಿಯುವ ಮುಂಚೆಯೇ ಇಡೀ ತರಗತಿ ಕೈ ಎತ್ತಿದರೆ ಅದು ತಾಲೀಮು. 40 ನಿಮಿಷದ ಪಿರಿಯಡ್ಡಿನಲ್ಲಿ ಒಂದೇ ಲೆಕ್ಕ ಇಡಿ: ಶಿಕ್ಷಕರು ಕೇಳಿದ ಪ್ರಶ್ನೆಗಳಲ್ಲಿ ‘ಯಾರು, ಯಾವಾಗ’ ಎಷ್ಟು, ‘ಯಾಕೆ, ಹೇಗೆ ಗೊತ್ತಾಯಿತು’ ಎಷ್ಟು. ಪ್ರಶ್ನೆ ಕೇಳಿದ ಮೇಲೆ ಎಷ್ಟು ಹೊತ್ತು ಕಾಯುತ್ತಾರೆ ಎಂಬುದನ್ನೂ ಗಮನಿಸಿ. ಒಂದು ಸೆಕೆಂಡಿಗೇ ತಾವೇ ಉತ್ತರ ಹೇಳಿಬಿಟ್ಟರೆ ಮಗು ಯೋಚಿಸುವುದು ಯಾವಾಗ?

ನೋಟ್‌ಬುಕ್ಕು ಶಿಕ್ಷಕರು ಆರಿಸಿಕೊಡಬಾರದು. ಹಾಜರಿ ಪುಸ್ತಕದ 5, 15, 25ನೇ ನಂಬರು ಎಂದು ನೀವೇ ಕೇಳಿ. ಮೂರರಲ್ಲೂ ಅದೇ ವಾಕ್ಯ ಇದ್ದರೆ ಅದು ಬರೆಸಿದ್ದು. ಕೆಂಪು ಶಾಯಿಯಲ್ಲಿ ಬರೀ ಸಹಿ ಇದೆಯೋ, ಅಂಚಿನಲ್ಲಿ ಮಗುವಿಗೆ ಒಂದು ಪ್ರಶ್ನೆ ಹಾಕಿದ್ದಾರೋ ನೋಡಿ. ಅಂಚಿನ ಆ ಒಂದು ಸಾಲಿಗೇ ಹತ್ತು ಅಂಕ ಕೊಡಬಹುದು.

ತುಪ್ಪರಿಹಳ್ಳ:
ಮಕ್ಕಳ ಜೋಡಿ ಮಾತಾಡೂದನ್ನ ಹಗುರ ತಗೋಬ್ಯಾಡ್ರಿ, ಖರೇ ಪರೀಕ್ಷಾ ಅದ. ಐದು ಮಂದಿನ್ನ ಕರೀರಿ, ಶಾಣ್ಯಾ ಹುಡುಗೂರನ್ನಷ್ಟ ಅಲ್ಲ. ಶಿಕ್ಷಕರು ಹೊರಗಿರ್ಲಿ. ಪಾಠ ತಿಂಗಳ ಹಿಂದ ಮುಗದದ್ದಿರಬೇಕು. ನಿನ್ನೀದು ಕೇಳಿದ್ರ ಎಲ್ಲಾರೂ ಹೇಳ್ತಾರ.

ಹತ್ತನೇದವ್ರಿಗೆ ಹಲಗಲಿ ಬೇಡರ ಬಗ್ಗೆ ಕೇಳ್ರಿ, 1857ರಾಗ ಬ್ರಿಟಿಷರ ವಿರುದ್ಧ ಎದ್ದವರು. ಅವ್ರಿಗೆ ಕನ್ನಡ ಪಠ್ಯದಾಗ ಲಾವಣಿ ಅದ, ಸಮಾಜದಾಗ ಪಾಠ ಅದ. ಎರಡನ್ನೂ ಒಂದ ಕಡೆ ಇಟ್ಟು ಕಲಿಸಿದ ಶಿಕ್ಷಕರ ಹುಡುಗೂರು ‘ಹತಾರ ಕಸಗೊಳ್ಳೂ ಕಾಯ್ದೆ ಬಂತು, ಅದಕ್ಕ ಎದ್ದರು’ ಅಂತ ಕಾರಣ ಹೇಳ್ತಾರ. ಮ್ಯಾಲ ‘ಲಾವಣಿ ಕಟ್ಟಿದಾಂವ ಯಾರ ಕಡೆ ನಿಂತು ಹಾಡ್ಯಾನ, ಇದನ್ನ ಈಸ್ಟ್ ಇಂಡಿಯಾ ಕಂಪನಿಯವರು ಹೆಂಗ ಬರೀತಿದ್ರು’ ಅಂತ ಕೇಳ್ರಿ. ತಪ್ಪು ಉತ್ತರ ಬಂದ್ರೂ ನಡೀತದ, ಎರಡು ಕಡೆ ಇರ್ತಾವ ಅನ್ನೂದು ಮಗುವಿಗೆ ಹೊಳದಿರಬೇಕು. ನರಗುಂದದ 1858ರ ಬಂಡಾಯಕ್ಕೂ ಇದ ಪ್ರಶ್ನೆ ಹೊಂದ್ತದ. ಹಾವೇರಿ ಕಡೆ ಇದ್ರ ಮೈಲಾರ ಮಹಾದೇವಪ್ಪ: 1930ರಾಗ ದಂಡಿ ಯಾತ್ರೆಗೆ ಹೋದವರು, 1943ರ ಏಪ್ರಿಲ್ 1ಕ್ಕ ಹೊಸರಿತ್ತಿಯೊಳಗ ಗುಂಡಿಗೆ ಬಲಿಯಾದರು. ನಡುವಿನ ಹದಿಮೂರು ವರ್ಷದಾಗ ಉಪ್ಪಿನ ಸತ್ಯಾಗ್ರಹದ ಹಾದಿ ಬಿಟ್ಟು ಕಂದಾಯದ ಠಾಣೆಕ್ಕ ನುಗ್ಗೂ ಹಾದಿಗೆ ಯಾಕ ಬಂದ್ರು ಅಂತ ಕೇಳ್ರಿ. ಬರೇ ತಾರೀಖು ಉರು ಹೊಡದವ್ರು ಅಲ್ಲೇ ನಿಂತುಬಿಡ್ತಾರ.

ಶಾಸನದ ಓದುಗ:
ಮೇಲಿನದಕ್ಕೆ ಒಂದು ಸೇರಿಸುತ್ತೇನೆ. ಪ್ರವಾಸದ ಫೋಟೋ ನೋಡಿ ಮರುಳಾಗಬೇಡಿ. ಒಂದೇ ದಿನ ಬಾದಾಮಿ, ಐಹೊಳೆ, ಪಟ್ಟದಕಲ್ಲು ಸುತ್ತಿಸಿದರೆ ಮಕ್ಕಳಿಗೆ ನೆನಪಿರುವುದು ಬಸ್ಸು ಮತ್ತು ಬುತ್ತಿ. ನಿಮ್ಮ ತಾಲ್ಲೂಕಿಗೆ ಲಕ್ಕುಂಡಿ ಮಗ್ಗುಲಲ್ಲೇ ಇದೆ. ಒಂದೇ ಬಸದಿ, ಎರಡು ತಾಸು, ಐದೈದು ಮಕ್ಕಳ ಗುಂಪು, ಗುಂಪಿಗೊಂದು ಹಾಳೆ, ಹಾಳೆಯಲ್ಲಿ ಮೂರು ಪ್ರಶ್ನೆ: ಇಲ್ಲಿ ಏನು ಕಾಣುತ್ತದೆ, ಯಾವುದು ಆಮೇಲೆ ಸೇರಿಸಿದ್ದು ಅನ್ನಿಸುತ್ತದೆ, ಕಟ್ಟಲು ಖರ್ಚು ಕೊಟ್ಟವರು ಯಾರು ಎಂದು ಎಲ್ಲಿ ಬರೆದಿದೆ. ಹೀಗೆ ಕರೆದೊಯ್ದ ಶಿಕ್ಷಕರ ಬಳಿ ಮಕ್ಕಳು ತುಂಬಿದ ಹಾಳೆಗಳಿರುತ್ತವೆ. ಅವನ್ನು ಕೇಳಿ ನೋಡಿ.

ಶಾಸನದ ಮುಂದೆ ಏನು ಮಾಡಿಸುತ್ತಾರೆ ಎಂಬುದೂ ಮುಖ್ಯ. ಅಕ್ಷರ ಕಾಣಲೆಂದು ಸುಣ್ಣ, ಎಣ್ಣೆ, ಸೀಮೆಸುಣ್ಣದ ಪುಡಿ ಬಳಿಸುವವರಿದ್ದಾರೆ. ಅದರಿಂದ ಕಲ್ಲಿಗೇ ಹಾನಿ. ಬೆಳಗಿನ ಇಲ್ಲವೇ ಸಂಜೆಯ ಓರೆ ಬಿಸಿಲು ಸಾಕು, ಗುಡಿಯೊಳಗಾದರೆ ಮೊಬೈಲ್ ಟಾರ್ಚನ್ನು ಪಕ್ಕದಿಂದ ಹಿಡಿದರೆ ಅಕ್ಷರ ಎದ್ದು ಕಾಣುತ್ತವೆ. ವರ್ಷದ ಲೆಕ್ಕವನ್ನೂ ಮಕ್ಕಳಿಂದಲೇ ಮಾಡಿಸಬಹುದು: ಶಕ ವರ್ಷಕ್ಕೆ 78 ಕೂಡಿಸಿದರೆ ಕ್ರಿಸ್ತಶಕ, ಆರನೇ ವಿಕ್ರಮಾದಿತ್ಯ ಶುರು ಮಾಡಿದ ಚಾಳುಕ್ಯ ವಿಕ್ರಮ ವರ್ಷಕ್ಕೆ 1075. ಶಕ 929 ಎಂದರೆ 1007, ಲಕ್ಕುಂಡಿಯಲ್ಲಿ ಅತ್ತಿಮಬ್ಬೆ ಕಟ್ಟಿಸಿದ ಬಸದಿಯ ವರ್ಷ. ವಿಕ್ರಮ ವರ್ಷಕ್ಕೂ 78 ಕೂಡಿಸುವ ತಪ್ಪು ಸಾಮಾನ್ಯ; ಹಾಗೆ ಮಾಡಿದರೆ ಆರನೇ ವಿಕ್ರಮಾದಿತ್ಯ ಸಾವಿರ ವರ್ಷ ಹಿಂದೆ ಹೋಗುತ್ತಾನೆ. ಆ ತಪ್ಪನ್ನು ಮಗುವೇ ಕಂಡುಹಿಡಿಯುವಂತೆ ಮಾಡುವವರು ನಿಮಗೆ ಬೇಕಾದ ಶಿಕ್ಷಕರು.

ಬಸದಿ ದೂರವಾದರೆ ಊರ ವೀರಗಲ್ಲಾದರೂ ಸೈ. ಸಾಮಾನ್ಯವಾಗಿ ಕೆಳಗೆ ಕಾಳಗ, ನಡುವೆ ವೀರನನ್ನು ಒಯ್ಯುವ ಅಪ್ಸರೆಯರು, ಮೇಲೆ ಲಿಂಗಪೂಜೆ, ನೆತ್ತಿಯಲ್ಲಿ ಸೂರ್ಯ ಚಂದ್ರ. ಕೆಳಗಿನಿಂದ ಮೇಲಕ್ಕೆ ಓದಬೇಕೆಂದು ಮಕ್ಕಳಿಗೆ ಗೊತ್ತಿದೆಯೇ ಕೇಳಿ. ಕೆಳಪಟ್ಟಿಯಲ್ಲಿ ದನಗಳಿದ್ದರೆ ಕಾಳಗ ಏತಕ್ಕೆ ನಡೆಯಿತೆಂದು ಅವರೇ ಊಹಿಸಬಲ್ಲರು.

ಗದಗ ಹಳೇ ವಿದ್ಯಾರ್ಥಿ:
ಎಲ್ಲರಿಗೂ ಶರಣು. ಒಂದು ಸಂಶಯ. ಕೆಲವು ಹಳ್ಳಿ ಶಾಲೆಗಳಲ್ಲಿ ಪ್ರೊಜೆಕ್ಟರ್ ಇಲ್ಲ, ಬಸ್ಸಿಗೆ ದುಡ್ಡೂ ಇಲ್ಲ. ಪೇಟೆ ಶಾಲೆಯ ಎದುರು ಅವರಿಗೆ ಅನ್ಯಾಯವಾಗುವುದಿಲ್ಲವೇ?

ಸಪ್ತಾಪುರ:
ಸಾಧನಕ್ಕೆ ಅಂಕ ಇಡದಿದ್ದರೆ ಅನ್ಯಾಯ ಆಗುವುದಿಲ್ಲ. ಗೋಡೆಯ ಮೇಲಿನ ಕಾಲರೇಖೆಯನ್ನು ನೋಡಿ, ಅದಕ್ಕೆ ಸೀಮೆಸುಣ್ಣ ಸಾಕು. ವರ್ಷಕ್ಕೆ ಒಂದು ಮಿಲಿಮೀಟರ್ ಇಟ್ಟರೆ ಕಿತ್ತೂರಿನ 1824 ಇಂದಿನಿಂದ 20 ಸೆಂಟಿಮೀಟರ್, ಅತ್ತಿಮಬ್ಬೆ ಒಂದು ಮೀಟರಿಗಿಂತ ತುಸು ಆಚೆ, ಹರಪ್ಪ ನಗರಗಳು ನಾಲ್ಕೂವರೆ ಮೀಟರ್. ಅಂಗಡಿಯಿಂದ ತಂದ ಚಾರ್ಟಿನಲ್ಲಿ ಎಲ್ಲ ರಾಜವಂಶಕ್ಕೂ ಒಂದೇ ಅಳತೆಯ ಚೌಕ ಇರುತ್ತದೆ. ಅದನ್ನು ನೋಡಿದ ಮಗುವಿಗೆ ಹರಪ್ಪದಿಂದ ಮೌರ್ಯರ ತನಕ ಕಳೆದ ಕಾಲ ಎಷ್ಟು ದೊಡ್ಡದೆಂದು ತಿಳಿಯುವುದೇ ಇಲ್ಲ.

ಭೇಟಿಗಳನ್ನು ನವೆಂಬರಿನಿಂದ ಜನವರಿಯೊಳಗೆ ಮುಗಿಸಿ. ಫೆಬ್ರುವರಿ ಬಂತೆಂದರೆ ಹತ್ತನೇ ತರಗತಿಯಲ್ಲಿ ನಡೆಯುವುದು ಪುನರಾವರ್ತನೆ ಮಾತ್ರ, ಆಗ ಯಾರು ಚೆನ್ನಾಗಿ ಕಲಿಸುತ್ತಾರೆಂದು ಗೊತ್ತಾಗದು. ಒಬ್ಬರೇ ಹೋಗಬೇಡಿ. ಇಬ್ಬರು ಹೋಗಿ ಬೇರೆ ಬೇರೆ ಅಂಕ ಬರೆಯಿರಿ. ನಡುವೆ 15ಕ್ಕಿಂತ ಹೆಚ್ಚು ಅಂತರ ಬಂದರೆ ಮೂರನೆಯವರನ್ನು ಕಳಿಸಿ.

ತುಪ್ಪರಿಹಳ್ಳ:
ಬಹುಮಾನದ ಬಗ್ಗೆ ಒಂದ ಮಾತು ರೀ. ಶಾಲು, ಹಾರ, ಫಲಕಕ್ಕ ರೊಕ್ಕ ಹಾಕಬ್ಯಾಡ್ರಿ. 15,000 ಶಿಕ್ಷಕರ ಕೈಗೆ ಕೊಡ್ರಿ, 10,000 ಅವರು ಹೇಳಿದಂಗ ಶಾಲೆಗೆ: ನಕಾಶೆ, ಪುಸ್ತಕ, ಇಲ್ಲಾ ಲಕ್ಕುಂಡಿಗೆ ಹೋಗೂ ಬಸ್ಸಿನ ಬಾಡಿಗಿ. ಬಿನ್ನವತ್ತಳೆಯೊಳಗ ‘ಆದರ್ಶ ಶಿಕ್ಷಕರು’ ಅಂತ ಬರೀಬ್ಯಾಡ್ರಿ, ಏನು ಮಾಡಿದ್ರು ಅನ್ನೂದನ್ನ ಬರೀರಿ. ಯಾವ ಪಾಠ, ಯಾವ ಪ್ರಶ್ನೆ, ಮಕ್ಕಳು ಏನು ಉತ್ತರ ಕೊಟ್ರು. ಅದರ ಪ್ರತಿ ತಾಲ್ಲೂಕಿನ ಎಲ್ಲಾ ಹೈಸ್ಕೂಲಿಗೂ ಕಳಸ್ರಿ, ಉಳದ ಶಿಕ್ಷಕರಿಗೂ ಉಪಯೋಗಕ್ಕ ಬರ್ತದ.